ಅಲೆಯಡಿ ಮಲಗಿದ ಚಿಗವ್ವ

ನಮ್ಮ ಚಿಗವ್ವ ತನ್ನ ಜೀವಮಾನದಲ್ಲಿ ಸಾವಿರಾರು ಇಂಗ್ಲಿಷರ ಎಚ್ಚರ ತಪ್ಪಿಸಿದ್ದಾಳೆ. ಗಾಬರಿಯಾಗಬೇಡಿ, ಅವಳ ಕೆಲಸವೇ ಅದು! ಬರ್ಮಿಂಗ್‌ಹ್ಯಾಮಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದಳು. ಕೆಲಸದಲ್ಲಿದ್ದಾಗ ಸೂಜಿ ಚುಚ್ಚಿ ಎಚ್ಚರ ತಪ್ಪಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಸೂಜಿಯ ಅಗತ್ಯವೂ ಉಳಿದಿಲ್ಲ. ನೋಡುತ್ತ ನಿಂತವರಿಗೆ ತಾನಾಗಿ ಎಚ್ಚರ ತಪ್ಪುವಂಥ ಕೆಲಸಗಳನ್ನು ಮಾಡುತ್ತಾಳೆ. ಹಾಗೆ ನೋಡುತ್ತ ನಿಂತಿರುವ ದುರದೃಷ್ಟವಂತ ಯಾರೆಂದು ಕೇಳುತ್ತೀರಾ? ಬೇರೆ ಯಾರು, ನಾನೇ!

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಬಾಗಲಕೋಟೆ ಕಡೆಯವಳು, ವಯಸ್ಸು ಎಪ್ಪತ್ತರ ಹತ್ತಿರ, ಮನೆ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ. ನಾನು ಲಫ್‌ಬರೋದಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಬಂದವನು. ಕಟ್ಟಡಗಳು ಯಾಕೆ ಬೀಳುತ್ತವೆ, ಹಗ್ಗಗಳು ಯಾಕೆ ಹರಿಯುತ್ತವೆ ಎಂಬುದನ್ನೆಲ್ಲ ಚೆನ್ನಾಗಿ ಕಲಿತೆ. ಇಷ್ಟು ಕಲಿತವನು ಕೆಲಸ ಸಿಕ್ಕ ಮೇಲೆ ಚಿಗವ್ವನ ಮನೆಯಿಂದ ಎರಡೇ ಬೀದಿ ಆಚೆ ಮನೆ ಹಿಡಿಯಬಹುದೇ?

ಚಿಗವ್ವನ ಜೊತೆ ಸಮುದ್ರಕ್ಕೆ ಹೋದ ದಿನ ಕಂಡದ್ದು ಎಷ್ಟೋ ತಿಂಗಳು ನನ್ನನ್ನು ಬಿಡಲಿಲ್ಲ. ಶವರ್ ತಿರುಗಿಸಿ ನೀರು ಧೋ ಎಂದು ಬಿದ್ದರೆ ಸಾಕು, ಬಲಗೈ ತಾನಾಗಿಯೇ ಮುಷ್ಟಿ ಕಟ್ಟುತ್ತಿತ್ತು. ಕೈಯಲ್ಲಿದ್ದ ಶಾಂಪೂ ಬಾಟಲಿ ಅರ್ಧ ಖಾಲಿಯಾಗುತ್ತಿತ್ತು. ಹೊರಗಿನಿಂದ ಹೆಂಡತಿ, "ಒಳಗೆ ಯಾರ ಜೊತೆ ಕುಸ್ತಿ?" ಎಂದು ಕೇಳುತ್ತಿದ್ದಳು. ಉತ್ತರ ಸಮುದ್ರದ ಜೊತೆ ಎಂದರೆ ಯಾರಾದರೂ ನಂಬುತ್ತಾರೆಯೇ? ನನ್ನ ಹೆಂಡತಿ ನಂಬುತ್ತಾಳೆ. ಅವಳಿಗೂ ಚಿಗವ್ವ ಗೊತ್ತು.

ಮೊದಲಿನಿಂದ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಸಮುದ್ರದಿಂದ ತಪ್ಪಿಸಿಕೊಂಡು ಬದುಕಬೇಕು ಎನ್ನುವವರು ಬಂದು ನೆಲೆಸಬೇಕಾದ ಊರು ಬರ್ಮಿಂಗ್‌ಹ್ಯಾಮ್. ಯಾವ ದಿಕ್ಕಿಗೆ ಹೊರಟರೂ ದೂರವೇ. ಬಾಗಲಕೋಟೆಗೂ ಸಮುದ್ರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಹೀಗೆ ಸಮುದ್ರವಿಲ್ಲದ ಊರಲ್ಲಿ ಹುಟ್ಟಿ, ಸಮುದ್ರವಿಲ್ಲದ ಊರಲ್ಲೇ ದುಡಿದ ಚಿಗವ್ವ ತನ್ನ ರೋಗಿಗಳಿಗೆ ದಿನಾ ಏನು ಹೇಳುತ್ತಿದ್ದಳು ಗೊತ್ತೇ? "ಕಣ್ಣು ಮುಚ್ಚಿ, ಸಮುದ್ರ ನೆನೆಸಿಕೊಳ್ಳಿ." ಅರಿವಳಿಕೆಯವರು ಎಲ್ಲರೂ ಹೀಗೇನಾದರೂ ಹೇಳುತ್ತಾರಂತೆ. ಭಯಗೊಂಡವರು ಹಿತವಾದದ್ದನ್ನು ನೆನೆಯುತ್ತ ನಿದ್ದೆಗೆ ಜಾರಲಿ ಎಂದು.

ಒಂದು ದಿನ ಒಬ್ಬ ಮುದುಕಿ ಟ್ರಾಲಿಯ ಮೇಲೆ ಮಲಗಿದ್ದವಳು ಚಿಗವ್ವನ ಕೈ ಹಿಡಿದು, ನೀನು ಯಾವ ಸಮುದ್ರ ನೆನೆಸಿಕೊಳ್ಳುತ್ತೀ ಮಗಳೇ, ಅದನ್ನೇ ನನಗೂ ಹೇಳು ಎಂದಳಂತೆ. ಚಿಗವ್ವನಿಗೆ ಏನೂ ಹೊಳೆಯಲಿಲ್ಲ. ಮುದುಕಿ ಮೇಲೆ ನೋಡುತ್ತ ನಿದ್ದೆ ಹೋದಳು. ಅವಳು ಏನು ನೋಡುತ್ತ ಹೋದಳು ಎಂದು ಚಿಗವ್ವ ತಲೆಯೆತ್ತಿ ನೋಡಿದಳು. ತೂತು ತೂತಿನ ಬಿಳಿ ಸೀಲಿಂಗು. ಅಷ್ಟೇ. ಎಷ್ಟೋ ವರ್ಷ ಅದೇ ಕೋಣೆಯಲ್ಲಿ ನಿಂತು ಕೆಲಸ ಮಾಡಿದವಳು, ಮಲಗಿದವರಿಗೆ ಏನು ಕಾಣುತ್ತದೆ ಎಂದು ಅದುವರೆಗೂ ನೋಡಿಯೇ ಇರಲಿಲ್ಲ.

ನಿವೃತ್ತಿಯ ದಿನ ಎಲ್ಲರೂ ಕೇಕ್ ತಿನ್ನುತ್ತಿದ್ದಾಗ ಚಿಗವ್ವ ಘೋಷಿಸಿದಳು: ಆ ಸೀಲಿಂಗಿನ ಮೇಲೆ ತಾನು ಸಮುದ್ರ ಬರೆಯುತ್ತೇನೆ! ಎಲ್ಲರೂ ಚಪ್ಪಾಳೆ ತಟ್ಟಿದರು. ನಿವೃತ್ತಿಯ ದಿನ ಏನು ಹೇಳಿದರೂ ಚಪ್ಪಾಳೆ ತಟ್ಟುವುದು ಸಭ್ಯತೆ. ಇವಳು ನಿಜವಾಗಿ ಬಣ್ಣದ ಡಬ್ಬಿ ಹಿಡಿದು ಬರುತ್ತಾಳೆಂದು ಯಾರಿಗೆ ಗೊತ್ತಿತ್ತು?

ಆಸ್ಪತ್ರೆಯ ಗೋಡೆಗಳಿಗೆ ಚಿತ್ರ ಆರಿಸುವ ಒಂದು ಸಮಿತಿ ಇತ್ತು. ಅದರ ಮುಖ್ಯಸ್ಥೆ ಬಹಳ ಮೃದು ಮಾತಿನ ಇಂಗ್ಲಿಷ್ ಮೇಡಂ. ಸೀಲಿಂಗಿಗೆ ಚಿತ್ರ ಹಾಕುವುದು ಒಳ್ಳೆಯ ಯೋಚನೆ, ಅದಕ್ಕೆಂದೇ ನಾವೊಂದು ಫೋಟೋ ನೋಡಿಟ್ಟಿದ್ದೇವೆ ಎಂದು ತೋರಿಸಿದರು. ನೀಲಿ ನೀರು, ಬಿಳಿ ಮರಳು, ಒಂದು ತೆಂಗಿನಮರ. ಕೋಣೆಯ ದುರಸ್ತಿ ಮುಗಿಯುವುದರೊಳಗೆ ನಿಮ್ಮ ಚಿತ್ರ ಚೆನ್ನಾಗಿ ಬಂದರೆ ಅದು, ಇಲ್ಲದಿದ್ದರೆ ಇದು ಎಂದರು.

ಚಿಗವ್ವ ಕೆಂಡವಾಗಿ ಮನೆಗೆ ಬಂದಳು. "ಅಂಜಿದ ಮನಿಷ್ಯಾಗ ತೆಂಗಿನ ಗಿಡ ತೋರ್ಸಿದ್ರ ಏನಾಕ್ಕೈತಿ? ಬಾಗಲದ ಆಚೆ ಕತ್ತಿ ಕಾಯಾಕತ್ತೈತಿ ಅಂತ ಅಂವಗ ಗೊತ್ತೈತಿ. ಸುಳ್ಳ ಹೇಳಬಾರದು ನೋಡಪಾ. ಸಮುದ್ರದಾಗ ತೆರಿ ಐತಿ ಅಂತ ತೋರ್ಸಬೇಕು. ತೆರಿಯೊಳಗ ಬೆಳಕೂ ಐತಿ ಅಂತ ತೋರ್ಸಬೇಕು."

ಅಲ್ಲಿಂದ ಶುರುವಾಯಿತು ನಮ್ಮ ಚಿತ್ರಶಾಲೆಗಳ ತೀರ್ಥಯಾತ್ರೆ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್. ಎಲ್ಲಿ ಇನ್ನೂರು ವರ್ಷ ಹಳೆಯ ಸಮುದ್ರದ ಚಿತ್ರ ತೂಗುಹಾಕಿದ್ದಾರೋ ಅಲ್ಲಿ ಚಿಗವ್ವ ಹಾಜರು, ಡ್ರೈವರಾಗಿ ನಾನು ಹಾಜರು. ಆ ಕಾಲದ ಚಿತ್ರಕಾರರಿಗೆ ಸಮುದ್ರವೆಂದರೆ ಹುಚ್ಚು. ಮುಳುಗುವ ಹಡಗು, ಬೆಟ್ಟದಂಥ ಅಲೆ, ಮಂಜಿನಲ್ಲಿ ಹೊತ್ತಿಕೊಂಡಂಥ ಸೂರ್ಯ. ಉಳಿದವರು ಇಂಥ ಚಿತ್ರಗಳ ಮುಂದೆ ಕೈಕಟ್ಟಿ ನಿಂತು ನಿಟ್ಟುಸಿರು ಬಿಡುತ್ತಾರೆ. ನಮ್ಮ ಚಿಗವ್ವ ವಾರ್ಡಿನ ರೌಂಡ್ಸ್ ಶುರುಮಾಡುತ್ತಾಳೆ!

"ಈ ನೀಲಿ ಅಂಗಿಯವ ಉಳಿಯೂದಿಲ್ಲ," ಎಂದಳು ಒಂದು ಒಡೆದ ದೋಣಿಯ ಚಿತ್ರದ ಮುಂದೆ ನಿಂತು. "ತುಟಿ ನೋಡು."

"ಚಿಗವ್ವ, ಅದು ನೆರಳು."

"ಜೀವಮಾನ ತುಟಿ ಬಣ್ಣ ನೋಡೇ ಸಂಬಳ ತಗೊಂಡೀನಿ. ನನಗ ನೆರಳು ಕಲಿಸಬ್ಯಾಡ."

ಪಕ್ಕದಲ್ಲಿ ನಿಂತಿದ್ದ ದಂಪತಿಗಳು ಏನೆಂದು ಕೇಳಿದರು. ಚಿಗವ್ವ ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ಪಾಪ ಆ ನೀಲಿ ಅಂಗಿಯವನಿಗಾಗಿ ಮನಸ್ಸು ಕೆಡಿಸಿಕೊಂಡು ಮುಂದೆ ಹೋದರು.

ಆದರೆ ನಗುನಗುತ್ತಲೇ ಅವಳು ನನಗೆ ಒಂದು ವಿಷಯ ಕಲಿಸಿಬಿಟ್ಟಳು. ಸಾಧಾರಣ ಚಿತ್ರಗಳಲ್ಲಿ ಬೆಳಕು ನೀರಿನ ಮೇಲೆ ಬಿದ್ದಿರುತ್ತದೆ, ನೆಲದ ಮೇಲೆ ಬಿದ್ದ ಬಿಸಿಲಿನ ಹಾಗೆ. ಈ ಹಳಬರ ಚಿತ್ರಗಳಲ್ಲಿ ಬೆಳಕು ನೀರಿನ ಒಳಗೆ ಹೊಕ್ಕಿರುತ್ತದೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅಲೆ ಎದ್ದು, ಇನ್ನೇನು ಒಡೆಯಬೇಕು ಎನ್ನುವಾಗ ಅದರ ತಲೆ ತೆಳ್ಳಗಾಗುತ್ತದಲ್ಲ, ಅಲ್ಲಿ ಒಂದು ಹಸಿರು ಇರುತ್ತದೆ. ಹಿಂದಿನಿಂದ ಸೂರ್ಯ ತೂರಿಬಂದು ಹಚ್ಚಿದ ಹಸಿರು. ಸುತ್ತ ಕಪ್ಪು, ಸಾವು, ಮುರಿದ ಹುಟ್ಟುಗೋಲು. ನಡುವೆ ಅಂಗೈಯಗಲದ ಹಸಿರು ದೀಪ. "ಅಂಜಿಕಿ ಇಲ್ಲದ ಬೆಳಕು ಅಂದ್ರ ಟ್ಯೂಬ್‌ಲೈಟು," ಎಂದಳು ಚಿಗವ್ವ. ಚಿತ್ರಕಲೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ.

ಇನ್ನು ಆ ಹಸಿರನ್ನು ತರುವುದು ಹೇಗೆ? ಚಿಗವ್ವನ ಅಡುಗೆಮನೆ ಪ್ರಯೋಗಶಾಲೆಯಾಯಿತು. ಓವನ್ನಿಗೆ ಇಡುವ ಗಾಜಿನ ಅಗಲ ಪಾತ್ರೆಗೆ ನೀರು ತುಂಬಿ, ಅದಕ್ಕೆ ಪಾಲಕ್ ಬೇಯಿಸಿದ ನೀರು ಬೆರೆಸಿ, ಮೇಲೆ ಟಾರ್ಚ್ ಹಿಡಿದು ನನ್ನ ಮುಖದ ಮೇಲೆ ಅಲುಗಾಡಿಸಿದಳು. ನಾನು ನೆಲದ ಮೇಲೆ ಮಲಗಿ ವರದಿ ಒಪ್ಪಿಸಬೇಕು. ಇದು ಸಮುದ್ರದ ಹಾಗೆ ಕಾಣುತ್ತದೋ, ಪಾಲಕ್ ಸಾರಿನ ಹಾಗೆ ಕಾಣುತ್ತದೋ? ನಾನು ಸಾರು ಎಂದೆ. ಚಿಗವ್ವನಿಗೆ ಕೈ ಸೋಲುತ್ತಿತ್ತೋ, ಸಿಟ್ಟೇ ಬಂತೋ ಹೇಳಲಾರೆ. ಪ್ರಯೋಗದ ಪೂರ್ತಿ ದ್ರವ ನನ್ನ ಮೇಲೆ ಬಂತು. ಸೋಮವಾರ ಆಫೀಸಿಗೆ ಹೋದಾಗ ಕಿವಿಯ ಹಿಂದೆ ಇನ್ನೂ ಹಸಿರಿತ್ತು.

ಅಂತೂ ಚಿತ್ರ ಮುಗಿಯಿತು. ತೆಳು ಹಲಗೆಯ ಮೇಲೆ ಬರೆದ ಬೃಹತ್ ಅಲೆ, ಹಿಂದೆ ಹಳದಿ ಸೂರ್ಯ. ಗೋಡೆಗೆ ಒರಗಿಸಿಟ್ಟು ನೋಡಿದಾಗ ನಾವಿಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಪರೀಕ್ಷೆಯ ದಿನ ಆಸ್ಪತ್ರೆಯ ಖಾಲಿ ಕೋಣೆಯಲ್ಲಿ ಅದನ್ನು ಸೀಲಿಂಗಿಗೆ ತೂಗುಹಾಕಿದರು. ಮೇಡಂ ಶೂ ಬಿಚ್ಚಿ ಟ್ರಾಲಿಯ ಮೇಲೆ ಮಲಗಿದರು. ಮೇಲೆ ನೋಡಿದರು. ಮರುಕ್ಷಣ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಪಕ್ಕಕ್ಕೆ ಉರುಳಿದರು! ಆಮೇಲೆ ಕೂದಲು ಸರಿಮಾಡಿಕೊಂಡು, ಚಿತ್ರ ಬಹಳ ಶಕ್ತಿಯುತವಾಗಿದೆ ಎಂದರು. ಇಂಗ್ಲಿಷರು ಶಕ್ತಿಯುತವಾಗಿದೆ ಎಂದರೆ ಏನರ್ಥ ಎಂದು ಇಲ್ಲಿ ಬಹಳ ವರ್ಷ ಇದ್ದವರಿಗೆ ಗೊತ್ತು: ದಯವಿಟ್ಟು ಇದನ್ನು ಮನೆಗೆ ತೆಗೆದುಕೊಂಡು ಹೋಗಿ.

ಚಿಗವ್ವ ತಾನೂ ಮಲಗಿ ನೋಡಿದಳು. ತಪ್ಪು ಹೊಳೆಯಿತು. ಹಳಬರೆಲ್ಲ ಅಲೆಯನ್ನು ಕಂಡದ್ದು ಎದುರಿಗೆ ನಿಂತು. ನಿಂತು ಕಂಡ ಅಲೆಯನ್ನು ಸೀಲಿಂಗಿಗೆ ಅಂಟಿಸಿದರೆ ಅದು ಮಲಗಿದವನ ಮೂಗಿನ ಮೇಲೆ ಬೀಳುತ್ತದೆ. ಮಲಗಿದವನಿಗೆ ಅಲೆ ಹೇಗೆ ಕಾಣುತ್ತದೆ? ಯಾರೂ ಬರೆದಿಲ್ಲ. ಯಾಕೆಂದರೆ ಅಲೆಯ ಕೆಳಗೆ ಮಲಗಿ ಮೇಲೆ ನೋಡಿದವರು ಸಾಮಾನ್ಯವಾಗಿ ಎದ್ದುಬಂದು ಚಿತ್ರ ಬರೆಯುವುದಿಲ್ಲ.

ಲೀಡ್ಸಿನ ಚಿತ್ರಶಾಲೆಯಲ್ಲಿ ಕೊನೆಯದಾಗಿ ಒಮ್ಮೆ ನೆಲದ ಮೇಲೆ ಅಂಗಾತ ಮಲಗಿ ನೋಡಿದಳು. ಕಾವಲಿನಾತ ಓಡಿಬಂದ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಡನೆ ಇನ್ನೊಬ್ಬಳು ಬಂದಳು. ತನಗೇನೂ ಆಗಿಲ್ಲ, ತಾನೇ ಡಾಕ್ಟರು ಎಂದು ಚಿಗವ್ವ ನೆಲದಿಂದಲೇ ಹೇಳಿ, ನೀನೂ ಒಮ್ಮೆ ಮಲಗಿ ನೋಡು ಎಂದಳು. ಆ ಹುಡುಗಿ ನಿಜವಾಗಿ ಮಲಗಿದಳು! ಇಬ್ಬರೂ ಅಕ್ಕಪಕ್ಕ ಮಲಗಿ ಮುಳುಗುವ ಹಡಗನ್ನು ನೋಡುತ್ತಿದ್ದಾಗ ನಾನು ಪಕ್ಕದ ಕೋಣೆಗೆ ಹೋಗಿ ಒಂದು ಹಸುವಿನ ಚಿತ್ರವನ್ನು ಬಹಳ ಹೊತ್ತು ಅಭ್ಯಾಸ ಮಾಡಿದೆ.

ವಾಪಸು ಬಂದಾಗ ಚಿಗವ್ವ ನಿರ್ಧರಿಸಿಯಾಗಿತ್ತು. ಬರ್ಮಿಂಗ್‌ಹ್ಯಾಮಿಗೆ ಅಲ್ಲ, ಇನ್ನೂ ಪೂರ್ವಕ್ಕೆ, ಸಮುದ್ರಕ್ಕೆ. ಬೆಳಕು ಅಲೆಯ ಹಿಂದಿನಿಂದ ಬರಬೇಕು, ಅಂದರೆ ಪೂರ್ವ ತೀರ, ಬೆಳಗಿನ ಹೊತ್ತು. ನಾನು ಬೇಡವೆಂದೆ. ಅಪಾಯವೆಂದೆ. ಭಾರ, ವೇಗ, ಎಳೆತ ಎಲ್ಲ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಅದಕ್ಕಽ ನಿನ್ನ ಕರಕೊಂಡ ಹೊಂಟೀನಿ," ಎಂದಳು.

ಯಾರ್ಕ್‌ಶೈರ್ ಕರಾವಳಿಯ ಒಂದು ಸಣ್ಣ ಊರಿನಲ್ಲಿ ಉಳಿದೆವು. ಹಿಂದಿನ ದಿನ ಬಿರುಗಾಳಿ ಬೀಸಿ ನಿಂತಿತ್ತು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಸಮುದ್ರ ಮಾತ್ರ ನಿನ್ನೆಯ ಸಿಟ್ಟನ್ನು ಇನ್ನೂ ಮರೆತಿರಲಿಲ್ಲ. ದೋಣಿಗಳನ್ನು ನೀರಿಗಿಳಿಸಲು ಮಾಡಿದ ಕಲ್ಲಿನ ಇಳಿಜಾರೊಂದಿತ್ತು. ಅದರ ಪಕ್ಕದಲ್ಲಿ ಎತ್ತರದ ಗೋಡೆ, ಗೋಡೆಯ ಮೇಲೆ ಕಬ್ಬಿಣದ ಕಂಬಿ. ನೀರು ಇಳಿಯುವ ಹೊತ್ತು ನೋಡಿಯೇ ಬಂದಿದ್ದೆವು. ಇಳಿಜಾರಿನ ಬುಡದಲ್ಲಿ ಮಲಗಿದರೆ ಅಲೆಗಳು ಕಾಲ ಹತ್ತಿರ ಎದ್ದು ಒಡೆಯುತ್ತವೆ, ಮೊಣಕಾಲಿಗಿಂತ ಮೇಲೆ ಬರುವುದಿಲ್ಲ ಎಂಬುದು ಲೆಕ್ಕ. ನನ್ನದೇ ಲೆಕ್ಕ.

ಆಗ ಚಿಗವ್ವ ಕಾರಿನಿಂದ ಇಳಿದುಬಂದ ರೂಪವನ್ನು ನೀವು ನೋಡಬೇಕಿತ್ತು! ಮನೆಯಿಂದ ಹೊರಡುವಾಗಲೇ ಗುಟ್ಟಾಗಿ ಡಿಕ್ಕಿಗೆ ಹಾಕಿದ್ದ ತನ್ನ ಮಗನ ಈಜಿನ ರಬ್ಬರ್ ಸೂಟು, ಕಾಲಿನ ಬಳಿ ಎರಡು ಮಡಿಕೆ. ಹಣೆಯ ಮೇಲೆ ಮೂರು ಬೆರಳ ವಿಭೂತಿ. ಸೂಟಿನೊಳಗೆ ಎದೆಯ ಮೇಲೆ ಇಷ್ಟಲಿಂಗದ ಉಬ್ಬು. ಸೊಂಟಕ್ಕೆ ಸುತ್ತಿದ್ದು ಎಂಟು ಗಜದ ಇಳಕಲ್ ಸೀರೆ.

ನಾನು ಆ ಊರಿನ ಅಂಗಡಿಯಿಂದ ಹಗ್ಗ ತಂದಿದ್ದೆ. ಒಳ್ಳೆಯ ನೈಲಾನ್ ಹಗ್ಗ. ಎಷ್ಟು ಭಾರ ತಾಳುತ್ತದೆ ಎಂದು ಅದರ ಮೇಲೇ ಬರೆದಿತ್ತು. ಚಿಗವ್ವ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. "ಇದು ತೊಯ್ದರ ಜಾರತೈತಿ. ಬಾವ್ಯಾಗ ಬಿದ್ದ ಎಮ್ಮಿಕರಾನ ನಮ್ಮವ್ವ ಇಳಕಲ್ ಸೀರಿಲೆ ಎಳದಾಳ. ಕರಾ ಬಂತು. ಸೀರಿ ಮುಂದ ನಾಕ್ ವರ್ಷ ಉಟ್ಟಾಳ."

ಎಂಜಿನಿಯರಿಂಗ್ ಓದಿದವನು ಎಮ್ಮೆಕರುವಿನ ಮುಂದೆ ಏನು ವಾದಿಸಲಿ? ಸೀರೆಯ ಸೆರಗನ್ನು ಕಂಬಿಗೆ ಕಟ್ಟಿದೆ. ಕಟ್ಟಿದ ಮೇಲೆ ನೆನಪಾಯಿತು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅಂದರೆ ಚಿಗವ್ವನ ಪೂರ್ತಿ ಭಾರ ಆ ಕೊಂಡಿಗಳ ಮೇಲೆ! ನಮ್ಮ ಕಾಲೇಜಿನಲ್ಲಿ ಕಲಿಸುವ ಮೊದಲ ಪಾಠವೇ ಇದು: ಏನೇ ಮುರಿಯಲಿ, ಕೂಡಿಸಿದ ಜಾಗದಲ್ಲಿ ಮುರಿಯುತ್ತದೆ. ಇದನ್ನು ಹೇಳಬೇಕೆಂದು ಬಾಯಿ ತೆರೆದಾಗ ಚಿಗವ್ವ ಇಳಿಜಾರಿನ ಬುಡಕ್ಕೆ ಹೋಗಿ ಅಂಗಾತ ಮಲಗಿಯಾಗಿತ್ತು.

ಆ ಹೊತ್ತಿಗೆ ನಾಯಿ ಹಿಡಿದುಕೊಂಡು ಒಬ್ಬ ಅಜ್ಜ ಬಂದ. ಗುಡ್ ಮಾರ್ನಿಂಗ್ ಹೇಳಿದ. ಕೆಳಗೆ ನೋಡಿದ, ನನ್ನನ್ನು ನೋಡಿದ, ಕಂಬಿಗೆ ಕಟ್ಟಿದ ಕೆಂಪು ಸೆರಗನ್ನು ನೋಡಿದ.

"ಅವರು ಏನು ಮಾಡುತ್ತಿದ್ದಾರೆ?"

"ಚಿತ್ರ ಬರೆಯುತ್ತಿದ್ದಾರೆ."

ಅಜ್ಜ ಕಂಬಿಯ ಮೇಲೆ ಬಾಗಿ ಇನ್ನೊಮ್ಮೆ ಕೆಳಗೆ ನೋಡಿದ. "ಕುಂಚ ಕಾಣುತ್ತಿಲ್ಲವಲ್ಲ."

"ಅದು ಆಮೇಲೆ."

ಅಜ್ಜ ಅರ್ಥವಾದವನಂತೆ ತಲೆಯಾಡಿಸಿದ. ಇಂಗ್ಲಿಷರ ಸಭ್ಯತೆಗೆ ನಾನು ಅಂದು ಮನಸ್ಸಿನಲ್ಲೇ ಕೈಮುಗಿದೆ.

ಮೊದಲ ಅಲೆಗಳು ಲೆಕ್ಕದಂತೆಯೇ ನಡೆದುಕೊಂಡವು. ಕಾಲು ತೊಯಿಸಿ ಹೋದವು. ಚಿಗವ್ವನಿಗೆ ಅಸಮಾಧಾನ. ಏನೂ ಕಾಣುತ್ತಿಲ್ಲ, ಇನ್ನಷ್ಟು ಕೆಳಗೆ ಹೋಗುತ್ತೇನೆ ಎಂದು ಕೂಗಿದಳು. ನಾನು ಬೇಡ ಎನ್ನುವಷ್ಟರಲ್ಲಿ ಮಲಗಿದಲ್ಲೇ ಕಾಲು ಚಾಚಿ ಸರಿದಳು. ಕಲ್ಲಿನ ಮೇಲೆಲ್ಲ ಪಾಚಿ. ಅವಳು ಸರಿದದ್ದು ಒಂದು ಮಾರು, ಜಾರಿದ್ದು ಸೀರೆ ಬಿಟ್ಟುಕೊಟ್ಟಷ್ಟೂ.

ಆಗ ಅದು ಎದ್ದಿತು.

ಸದ್ದೇನೂ ಇರಲಿಲ್ಲ. ನೀರೆಲ್ಲ ಒಮ್ಮೆ ಹಿಂದಕ್ಕೆ ಹೋಯಿತು, ಯಾರೋ ಉಸಿರು ಒಳಗೆಳೆದುಕೊಂಡಂತೆ. ಆಮೇಲೆ ಒಂದು ಕಪ್ಪು ಗೋಡೆ ಬಂತು. ಮೇಲಿನಿಂದ ನೋಡುತ್ತಿದ್ದ ನನಗೆ ಅದರಲ್ಲಿ ಯಾವ ಹಸಿರೂ ಕಾಣಲಿಲ್ಲ, ಯಾವ ದೀಪವೂ ಕಾಣಲಿಲ್ಲ. ಸೀಸದ ಬಣ್ಣದ ಬೆನ್ನು, ಅದರ ಮೇಲೆ ನೊರೆ. ಅದು ಚಿಗವ್ವನ ಮೇಲೆ ಬಾಗಿತು, ಮುಚ್ಚಿತು. ಚಿಗವ್ವ ಇದ್ದ ಜಾಗದಲ್ಲಿ ಚಿಗವ್ವ ಇರಲಿಲ್ಲ. ಸಮುದ್ರವಿತ್ತು.

ಸೀರೆ ಬಿಗಿಯಿತು. ಕಂಬಿ ಕೀರೆಂದಿತು. ನಾನು ಬಲಗೈಗೆ ಸೆರಗು ಸುತ್ತಿಕೊಂಡು ಕಾಲು ಗೋಡೆಗೆ ಕೊಟ್ಟೆ. ನನ್ನ ಮೂಗಿನ ಮುಂದೆಯೇ ಆ ಕೊಂಡಿಗಳ ಸಾಲು. ಒಂದೊಂದು ಎಳೆಯೂ ತಂತಿಯಾಗಿತ್ತು. ಅಲೆ ವಾಪಸು ಹೋಗುವಾಗ ಎಳೆಯುತ್ತದಲ್ಲ, ಆ ಎಳೆತದ ಬಗ್ಗೆ ಪುಸ್ತಕದಲ್ಲಿ ಸಮೀಕರಣವಿದೆ. ಸಮೀಕರಣಕ್ಕೆ ಕೈ ನೋಯುವುದಿಲ್ಲ. ಯಾವ ಊರಿನ ಯಾವ ಹೆಣ್ಣುಮಗಳು, ಯಾವ ಮಧ್ಯಾಹ್ನ ಕೂತು ಈ ಕೊಂಡಿ ಹಾಕಿದ್ದಳೋ. ಆ ತಾಯಿ ಅಂದು ಬೇಸರದಲ್ಲಿರಬಾರದಿತ್ತು, ಯಾರ ಜೊತೆಗೂ ಜಗಳವಾಡಿರಬಾರದಿತ್ತು ಎಂದು ಬೇಡಿಕೊಂಡೆ. ದೇವರ ನೆನಪು ಆಮೇಲೆ ಬಂತು.

ಪಕ್ಕದಲ್ಲಿ ಎರಡು ಮುದಿ ಕೈಗಳು ಸೀರೆ ಹಿಡಿದವು. ನಾಯಿಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅಜ್ಜ ಎಳೆಯುತ್ತಿದ್ದ. ನಾಯಿ ಬೊಗಳುತ್ತಿತ್ತು. ನೀರು ಇಳಿಯಿತು. ಮೊದಲು ರಬ್ಬರಿನ ಒಂದು ಮೊಣಕಾಲು ಕಂಡಿತು, ಆಮೇಲೆ ಉಳಿದದ್ದು. ಇಬ್ಬರೂ ಸೇರಿ ಇಳಿಜಾರಿನ ಮೇಲಕ್ಕೆ ಎಳೆದು ತಂದೆವು. ಬಾವಿಯಿಂದ ಬಂದ ಎಮ್ಮೆಕರು ಹೇಗಿತ್ತೋ ಗೊತ್ತಿಲ್ಲ, ಚಿಗವ್ವ ಮಾತ್ರ ಕೆಮ್ಮಿ, ಉಗುಳಿ, ಮತ್ತೆ ಕೆಮ್ಮಿ ಎದ್ದು ಕೂತಳು. ಅರ್ಧ ವಿಭೂತಿ ಹೋಗಿತ್ತು. ಕಣ್ಣು ಕೆಂಡದಂತೆ ಕೆಂಪು. ಕೈ ಎದೆಗೆ ಹೋಗಿ ಲಿಂಗ ಇದೆಯೇ ಎಂದು ನೋಡಿಕೊಂಡಿತು.

ಮೊದಲ ಮಾತು ಏನು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅಳುತ್ತಾಳೋ, ನನ್ನನ್ನು ಬಯ್ಯುತ್ತಾಳೋ?

"ಕಂಡತಲೇ," ಎಂದಳು. "ಪೂರಾ ಕಂಡತು. ನಾ ಕಣ್ಣ ಮುಚ್ಚಲಿಲ್ಲ."

ಅದು ಸುಳ್ಳಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂರುತ್ತಾಳೆ. ಎಡ ಅಂಗೈಯಲ್ಲಿ ಕರಿಯ ಲಿಂಗ, ಹಿಂದೆ ಎಣ್ಣೆದೀಪ, ಲಿಂಗದ ನುಣುಪಿನಲ್ಲಿ ಸಾಸಿವೆಯಷ್ಟು ಬೆಳಕು. ಅದನ್ನು ರೆಪ್ಪೆ ಬಡಿಯದೆ ನೋಡುವುದೇ ಪೂಜೆ. ಸಮುದ್ರವೇ ಮೇಲೆ ಬಿದ್ದರೂ ಆ ರೆಪ್ಪೆ ಬಡಿಯಲಿಲ್ಲ ಎಂದರೆ ಹಿರಿಯರು ಕಲಿಸಿದ್ದು ವ್ಯರ್ಥವಾಯಿತು ಎಂದು ಯಾರು ಹೇಳುತ್ತಾರೆ? ಅವಳು ಕಾರಿನ ಸೀಟಿನಲ್ಲಿ ನನ್ನ ಕೋಟು ಹೊದ್ದು, ನಡುಗುತ್ತ, ಕಾಗದ ಪೆನ್ಸಿಲ್ ಕೇಳಿದಳು. ಅಜ್ಜ ಫ್ಲಾಸ್ಕಿನಿಂದ ಚಹಾ ಕೊಟ್ಟು, ಚಿತ್ರ ಮುಗಿಯಿತೇ ಎಂದು ವಿನಯದಿಂದ ವಿಚಾರಿಸಿದ. ನಾನು ಸೀರೆಯ ಗಂಟು ಬಿಚ್ಚಲು ಹೋದೆ. ತೊಯ್ದ ಗಂಟು ಬಿಚ್ಚಲಿಲ್ಲ. ನನ್ನ ಕೈಯೂ ಬಿಚ್ಚಲಿಲ್ಲ. ಅಜ್ಜನೇ ಒಂದೊಂದು ಬೆರಳಾಗಿ ಬಿಡಿಸಿದ. ಕೊಂಡಿಗಳಲ್ಲಿ ಒಂದೇ ಒಂದೂ ಹರಿದಿರಲಿಲ್ಲ.

ಮುಂದಿನದು ಪೂರ್ತಿ ವಿಜಯಯಾತ್ರೆ! ಚಿಗವ್ವ ಹೊಸ ಹಲಗೆ ತರಿಸಿದಳು, ಬಾಗಿಲು ಹಾಕಿಕೊಂಡಳು, ಬರೆದಳು. ಎರಡನೆಯ ಪರೀಕ್ಷೆಯ ದಿನ ಮೇಡಂ ಮುಂಜಾಗ್ರತೆಯಾಗಿ ಟ್ರಾಲಿಯ ಕಂಬಿ ಹಿಡಿದುಕೊಂಡೇ ಮಲಗಿದರಂತೆ. ಮೇಲೆ ನೋಡಿದರಂತೆ. ಎಷ್ಟು ಹೊತ್ತಾದರೂ ಏಳಲಿಲ್ಲವಂತೆ. ಏನಾಯಿತೆಂದು ನೋಡಲು ಬಂದ ನರ್ಸ್ ತಾನೂ ಒಮ್ಮೆ ಮಲಗುತ್ತೇನೆ ಎಂದಳು. ಅವಳನ್ನು ಹುಡುಕಿಕೊಂಡು ಬಂದ, ಟ್ರಾಲಿ ತಳ್ಳುವ ಪೋರ್ಟರ್ ಸಾಲಿನಲ್ಲಿ ನಿಂತ. ತೆಂಗಿನಮರ ಸೋತಿತು! ಚಿತ್ರ ಸೀಲಿಂಗಿಗೇರಿತು. ಚಿಗವ್ವ ಇಡೀ ವಿಭಾಗಕ್ಕೆ ನಮ್ಮ ಕಡೆಯ ಸಿಹಿ ಮಾದಲಿ ಮಾಡಿ ಹಂಚಿದಳು. ಈಗ ಅಲ್ಲಿನ ಡಾಕ್ಟರುಗಳದು ಒಂದೇ ದೂರು: ರೋಗಿಗಳು ಬೇಗ ನಿದ್ದೆ ಹೋಗಲು ಒಪ್ಪುತ್ತಿಲ್ಲ, ಇನ್ನು ಸ್ವಲ್ಪ ನೋಡುತ್ತೇವೆ ಎನ್ನುತ್ತಾರೆ.

ಇದೆಲ್ಲ ನಾನು ಕೇಳಿದ್ದು. ನೋಡಿದ್ದಲ್ಲ. ಚಿಗವ್ವ ಎಷ್ಟೋ ಸಲ ಕರೆದಳು. ಆಫೀಸಿನ ಕೆಲಸ, ನೆಗಡಿ, ಕಾರಿನ ಬ್ಯಾಟರಿ, ಒಂದಲ್ಲ ಒಂದು ನೆವ ಹೇಳಿದೆ. ಆ ಕಪ್ಪು ಗೋಡೆಯನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಹೇಗೂ ಶವರಿನಲ್ಲಿ ದಿನಾ ನೋಡುತ್ತಿದ್ದೆನಲ್ಲ.

ಆದರೆ ಪಿತ್ತಕೋಶದ ಕಲ್ಲಿಗೆ ಮನುಷ್ಯನ ಧೈರ್ಯದ ಹಂಗಿದೆಯೇ? ಹೊಟ್ಟೆನೋವೆಂದು ಬಡಾವಣೆಯ ಡಾಕ್ಟರ ಬಳಿ ಹೋದೆ, ಅವರು ಆಸ್ಪತ್ರೆಗೆ ಕಳಿಸಿದರು. ಆಪರೇಷನ್ ಆಗಲೇಬೇಕು ಎಂದರು. ಯಾವ ಆಸ್ಪತ್ರೆ, ಯಾವ ಕೋಣೆ ಎಂದು ನೀವೇ ಊಹಿಸಿ. ಚಿಗವ್ವ ಅದೇ ಇಳಕಲ್ ಸೀರೆ ಉಟ್ಟು ಕಾರಿಡಾರಿನವರೆಗೂ ಬಂದಳು. ಉಪ್ಪುನೀರಿನ ಕಲೆ ಇನ್ನೂ ಒಂದು ಕಡೆ ಹಾಗೆಯೇ ಇತ್ತು. ಧೈರ್ಯ ಹೇಳುತ್ತಾಳೆ ಅಂದುಕೊಂಡಿದ್ದೆ. "ಹೊಟ್ಟಿ ಸಣ್ಣದ ಮಾಡ್ಕೋ ಅಂದ್ರ ಕೇಳಲಿಲ್ಲ, ಹೋಗು," ಎಂದಳು.

ನನ್ನನ್ನು ಒಳಗೆ ತಳ್ಳಿದರು. ಅಂಗಾತ ಮಲಗಿದ್ದೆ, ಕಣ್ಣು ಬಿಗಿಯಾಗಿ ಮುಚ್ಚಿದ್ದೆ. ಚಿಕ್ಕ ವಯಸ್ಸಿನ ಅರಿವಳಿಕೆ ಡಾಕ್ಟರ್ ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು. ಆಮೇಲೆ, ಸ್ವಲ್ಪ ಮೇಲೆ ನೋಡಿ, ಇಲ್ಲಿ ಎಲ್ಲರಿಗೂ ಅದು ಇಷ್ಟವಾಗುತ್ತದೆ ಎಂದಳು. ನೋಡಿದೆ.

ಅದೇ ಅಲೆ. ಬಾಗಿದ ಅದೇ ಬೆನ್ನು, ಅದೇ ನೊರೆ. ಆದರೆ ಕಪ್ಪೆಲ್ಲ ಅಂಚಿಗೆ ಹೋಗಿತ್ತು. ನಡುವೆ ನೀರು ತೆಳ್ಳಗಾಗಿ, ಹಿಂದಿನಿಂದ ಸೂರ್ಯ ತೂರಿ, ಎಳೆಯ ಬಾಳೆಯೆಲೆಯನ್ನು ಬಿಸಿಲಿಗೆ ಹಿಡಿದಂಥ ಹಸಿರು. ಹಸಿರಿನ ನಡುವೆ, ಅಂಗೈಯೊಳಗಿನ ಲಿಂಗದಲ್ಲಿ ಕಾಣುತ್ತದಲ್ಲ, ಅಂಥ ಒಂದು ಬಿಂದು. ಅಲೆ ಮೇಲೆ ಬೀಳುತ್ತಿರಲಿಲ್ಲ. ಮೇಲೆ ನಿಂತಿತ್ತು, ಗುಡಿಯ ಚಾವಣಿಯಂತೆ. ಮೇಲಿನಿಂದ ಕಂಡ ಯಾವ ಗಳಿಗೆಯನ್ನು ನೆನೆದು ನಾನು ಇಷ್ಟು ತಿಂಗಳು ಅಂಜಿದ್ದೆನೋ ಅದೇ ಗಳಿಗೆಯಲ್ಲಿ, ಅಲೆಯ ಕೆಳಗೆ ಚಿಗವ್ವ ಇದನ್ನು ನೋಡುತ್ತಿದ್ದಳು.

ಚಿತ್ರದ ಮೂಲೆಯಲ್ಲಿ ಒಂದು ಕೆಂಪು ಗೆರೆ ಇತ್ತು. ನೀರಿನೊಳಗಿಂದ ಹೊರಟು, ಅಲೆಯನ್ನು ಸೀಳಿ, ಮೇಲೆ ಚೌಕಟ್ಟಿನಾಚೆಗೆ ಹೋಗಿತ್ತು. ಡಾಕ್ಟರ್ ಅದನ್ನು ತೋರಿಸಿ, ಅದೇನೆಂದು ನಮಗಾರಿಗೂ ಗೊತ್ತಾಗಿಲ್ಲ, ಯಾವುದೋ ಕಡಲ ಬಳ್ಳಿ ಇರಬೇಕು ಎಂದಳು.

ಬಳ್ಳಿಯಲ್ಲ, ಇಳಕಲ್ ಸೆರಗು. ಗೆರೆಯಲ್ಲಿ, ಅವನ್ನು ಒಮ್ಮೆ ಮೂಗಿನ ಮುಂದೆ ಕಂಡವರಿಗೆ ಮಾತ್ರ ಗುರುತು ಸಿಗುವಷ್ಟು ಸಣ್ಣದಾಗಿ, ಚಿಗವ್ವ ಒಂದು ಕಡೆ ಕೊಂಡಿಗಳನ್ನು ಬರೆದಿದ್ದಳು. ಒಂದೊಂದನ್ನೂ ಬಿಡದೆ.

"ಸೂಜಿ ಹಾಕಬೇಕು," ಎಂದಳು ಡಾಕ್ಟರ್, ನನ್ನ ಬಲಗೈ ಮೇಲೆ ಮೆಲ್ಲಗೆ ಕೈಯಿಟ್ಟು. "ಮುಷ್ಟಿ ಸ್ವಲ್ಪ ಬಿಡುತ್ತೀರಾ?"

ಬಿಟ್ಟೆ.